ಡಿಸ್‌ಅಲೋ ಎಂದು ಬರೆದರೆ ಬೀಗ ಬೀಳುವುದಿಲ್ಲ

ಬೆಳಿಗ್ಗೆ ಸರಸ್ವತೀಪುರಂನ ಮೇಷ್ಟ್ರು ಫೋನ್ ಮಾಡಿದಾಗ ಅವರ ಧ್ವನಿ ನಡುಗುತ್ತಿತ್ತು. ಮೊಮ್ಮಗಳ ಹೆಸರನ್ನು ಗೂಗಲ್‌ನಲ್ಲಿ ಹುಡುಕಿದರೆ, ಆಕೆ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ್ದ ಸಂಸ್ಥೆಯ ಪಿಡಿಎಫ್ ಪಟ್ಟಿ ಕಾಣಿಸುತ್ತಿದೆ. ಮನೆ ವಿಳಾಸ, ಮೊಬೈಲ್ ಸಂಖ್ಯೆ ಎಲ್ಲವೂ ಅದರಲ್ಲಿವೆ. ಆ ವೆಬ್‌ಸೈಟ್ ನೋಡಿಕೊಳ್ಳುವವರನ್ನು ವಿಚಾರಿಸಿದೆ. "ಪಟ್ಟಿ ಅಳಿಸಿದ್ದೇವೆ ಸಾರ್, ರೋಬೋಟ್ಸ್ ಫೈಲಿನಲ್ಲಿ ಆ ಫೋಲ್ಡರಿಗೆ ಡಿಸ್‌ಅಲೋ ಕೂಡ ಹಾಕಿದ್ದೇವೆ" ಎಂದರು.

ನನಗೆ ಸಿಟ್ಟು ಬಂದದ್ದು ಇಲ್ಲಿಯೇ. ರೋಬೋಟ್ಸ್ ಫೈಲ್ (robots.txt) ಎಂದರೆ ಕ್ರಾಲರ್‌ಗೆ, ಅಂದರೆ ಸರ್ಚ್ ಎಂಜಿನ್‌ಗಾಗಿ ಪುಟಗಳನ್ನು ಓದುತ್ತಾ ಹೋಗುವ ಪ್ರೋಗ್ರಾಂಗೆ, ವೆಬ್‌ಸೈಟ್ ಇಡುವ ಸೂಚನೆಗಳ ಕಡತ. ಅದರಲ್ಲಿ ಡಿಸ್‌ಅಲೋ ಎಂದರೆ "ಈ ಕಡೆ ಬರಬೇಡ" ಎನ್ನುವ ವಿನಂತಿ ಮಾತ್ರ. ಈಗಾಗಲೇ ಗೂಗಲ್‌ನ ಹುಡುಕಾಟದ ಸೂಚಿಯಲ್ಲಿ ಸೇರಿರುವುದನ್ನು ತೆಗೆದುಹಾಕುವ ಆಜ್ಞೆಯಲ್ಲ. ಕಡತ ಅಳಿಸಿಹೋಗಿದೆ ಎಂಬುದು ಗೂಗಲ್‌ಗೆ ತಿಳಿಯಬೇಕಾದರೆ ಅದರ ಕ್ರಾಲರ್ ಮತ್ತೊಮ್ಮೆ ಆ ವಿಳಾಸಕ್ಕೆ ಬಂದು 404, ಅಂದರೆ "ಇಲ್ಲಿ ಏನೂ ಇಲ್ಲ" ಎಂಬ ಉತ್ತರವನ್ನು ಪಡೆಯಬೇಕು. ಇವರು ಆ ದಾರಿಯನ್ನೇ ಮುಚ್ಚಿದ್ದಾರೆ. ಸೂಚಿಗೆ ಸೇರಿಸಬೇಡ ಎನ್ನುವ ನೋಇಂಡೆಕ್ಸ್ ಸೂಚನೆಯ ಕಥೆಯೂ ಇದೇ: ಪಿಡಿಎಫ್‌ಗಾದರೆ ಅದನ್ನು ಕಡತದ ಜೊತೆ ಸರ್ವರ್ ಕಳುಹಿಸುವ ಎಕ್ಸ್-ರೋಬೋಟ್ಸ್-ಟ್ಯಾಗ್ ಎಂಬ ಹೆಡರ್‌ನಲ್ಲಿ ಸೇರಿಸಬೇಕು, ಕ್ರಾಲರ್‌ಗೆ ಒಳಬರಲು ಬಿಟ್ಟರೆ ಮಾತ್ರ ಅದು ಓದುತ್ತದೆ. ಮೊದಲು ರೋಬೋಟ್ಸ್ ಫೈಲಿನಲ್ಲೇ ನೋಇಂಡೆಕ್ಸ್ ಬರೆಯುವ ರೂಢಿಯೂ ಇತ್ತು. 2019ರ ಸೆಪ್ಟೆಂಬರ್ 1ರಿಂದ ಗೂಗಲ್ ಅದನ್ನು ಗಣಿಸುವುದಿಲ್ಲ.

ಪ್ರಮುಖ ಸರ್ಚ್ ಎಂಜಿನ್‌ಗಳು ಈ ಫೈಲನ್ನು ಗೌರವಿಸುತ್ತವಲ್ಲ ಎಂದು ನೀವು ಕೇಳಬಹುದು. ಗೌರವಿಸುತ್ತವೆ, ಒಪ್ಪುತ್ತೇನೆ. ಆದರೆ ಫೋನ್ ಸಂಖ್ಯೆಗಳನ್ನು ಕದಿಯಲು ಹೊರಟ ಪ್ರೋಗ್ರಾಂ ಅದನ್ನೇಕೆ ಗೌರವಿಸಬೇಕು? ಮಾರ್ಟೈನ್ ಕೋಸ್ಟರ್ 1994ರಲ್ಲಿ ಈ ಪದ್ಧತಿಯನ್ನು ಸೂಚಿಸಿದಾಗಲೂ ಇದು ಪರಸ್ಪರ ಒಪ್ಪಿಗೆಯ ಮೇಲೆಯೇ ನಿಂತಿತ್ತು. 2022ರಲ್ಲಿ ಇದು ಆರ್‌ಎಫ್‌ಸಿ 9309 ಎಂಬ ಅಂತರಜಾಲ ಮಾನದಂಡದ ದಾಖಲೆಯಾಗಿ ಪ್ರಕಟವಾದಾಗ, ಈ ನಿಯಮಗಳು ಪ್ರವೇಶಾಧಿಕಾರವನ್ನು ನಿರ್ಧರಿಸುವ ವಿಧಾನವಲ್ಲ ಎಂದು ಅದರಲ್ಲಿಯೇ ಸ್ಪಷ್ಟವಾಗಿ ಬರೆಯಲಾಗಿದೆ. ಅಲ್ಲದೆ ಆ ಫೈಲನ್ನು ಯಾರು ಬೇಕಾದರೂ ತೆರೆದು ಓದಬಹುದು. ಗುಟ್ಟಾಗಿಡಬೇಕಾದ ಫೋಲ್ಡರಿನ ಹೆಸರನ್ನು ಅಲ್ಲಿ ಬರೆಯುವುದೆಂದರೆ ಕಳ್ಳನಿಗೆ ತಿಜೋರಿ ಇರುವ ಕೋಣೆಯನ್ನು ತೋರಿಸಿಕೊಟ್ಟಂತೆ. ಖಾಸಗಿ ಮಾಹಿತಿಗೆ ಪಾಸ್‌ವರ್ಡ್ ಬೇಕು, ಅಥವಾ ಅದು ಸರ್ವರ್‌ನಲ್ಲಿ ಇರಲೇಬಾರದು.

ಈ ಫೈಲಿನ ಒಂದು ಸಾಲು ಏನು ಮಾಡಬಲ್ಲದು ಎಂಬುದನ್ನು ನಾನು ಕಲಿತದ್ದು ಬೇರೊಬ್ಬರ ನಷ್ಟದಿಂದ. ವರ್ಷಗಳ ಹಿಂದೆ ಮಂಡ್ಯದ ಬೆಲ್ಲದ ವ್ಯಾಪಾರಿಯೊಬ್ಬರಿಗೆ ವೆಬ್‌ಸೈಟ್ ಮಾಡಿಕೊಟ್ಟಾಗ, ಪರೀಕ್ಷೆಗೆಂದು ಇಡೀ ತಾಣಕ್ಕೆ ಹಾಕಿದ್ದ ಡಿಸ್‌ಅಲೋ ತೆಗೆಯುವುದನ್ನು ಮರೆತಿದ್ದೆ. ಸಂಕ್ರಾಂತಿಯ ವ್ಯಾಪಾರವೆಲ್ಲ ಮುಗಿದ ಮೇಲೆ, "ನಮ್ಮಂಗಡಿ ಹುಡುಕಿದರೆ ಸಿಗುವುದೇ ಇಲ್ಲವಲ್ಲಪ್ಪ" ಎಂದು ಅವರು ಕೇಳಿದ್ದು ಇಂದಿಗೂ ನೋಯಿಸುತ್ತದೆ. ಅಂದಿನಿಂದ ಆ ಫೈಲನ್ನು ಎರಡು ಬಾರಿ ಓದದೆ ನಾನು ಯಾವ ತಾಣವನ್ನೂ ಬಿಡುಗಡೆ ಮಾಡಿಲ್ಲ.

ಡಿಸ್‌ಅಲೋ ತೆಗೆಯಿರಿ, ತಾಣದ ಒಡೆಯರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನಲ್ಲಿ ತೆಗೆದುಹಾಕುವ ಕೋರಿಕೆ ಸಲ್ಲಿಸಿ, ಅದು ಸುಮಾರು ಆರು ತಿಂಗಳು ಮಾತ್ರ ಮರೆಮಾಡುತ್ತದೆ, ಅಷ್ಟರೊಳಗೆ ಕ್ರಾಲರ್ 404 ನೋಡಿಕೊಂಡು ಹೋಗಲಿ ಎಂದು ಆ ಸಂಸ್ಥೆಗೆ ವಿವರವಾಗಿ ಬರೆದು ಕಳುಹಿಸಿದ್ದೇನೆ. ಉತ್ತರ ಬಂದಿಲ್ಲ. ಸಂಜೆ ಮೇಷ್ಟ್ರು ಮತ್ತೆ ಫೋನ್ ಮಾಡಿ, ಮಗುವಿನ ನಂಬರನ್ನೇ ಬದಲಾಯಿಸಿಬಿಡಲೇ ಎಂದು ಕೇಳಿದರು. ಬ್ಯಾಂಕ್, ಆಧಾರ್ ಎಲ್ಲವೂ ಅದೇ ನಂಬರಿಗೆ ಜೋಡಣೆಯಾಗಿವೆಯಂತೆ.