ಐದು ಪೌಂಡಿನ ಕುದುರೆ

ಐರ್ಲೆಂಡಿನ ಹಳೆಯ ಬಂಗಲೆಯೊಂದರಲ್ಲಿ ಮೂರು ರಾತ್ರಿ ತಂಗಿ ‘ದೊರೆಯಂತೆ ಬದುಕಿ ನೋಡಿ’ ಎನ್ನುವ ಜಾಹೀರಾತೊಂದು ಒಂದು ವಾರದಿಂದ ನನ್ನ ಮೊಬೈಲಿನ ಬೆನ್ನು ಬಿಟ್ಟಿಲ್ಲ. ಹಸಿರು ಹುಲ್ಲುಹಾಸು, ಬೆಳ್ಳಿಯ ಚಹಾ ಸಾಮಾನು, ಗೋಡೆಯ ಮೇಲೆ ವಿಗ್ಗು ತೊಟ್ಟ ಯಾರೋ ಮುತ್ತಾತನ ತೈಲಚಿತ್ರ, ಎಲ್ಲವೂ ಅದರಲ್ಲಿವೆ. ಬಾಡಿಗೆ ನೋಡಿದ ಮೇಲೆ ಹೋಗುವ ಮಾತು ಉಳಿಯಲಿಲ್ಲ. ಆದರೆ ಅಷ್ಟು ಹಣ ಸುರಿದವನಿಗೂ ದೊರೆತನದ ಪೂರ್ತಿ ಅನುಭವ ಸಿಗುವುದಿಲ್ಲವಲ್ಲ ಎಂಬ ಕೊರಗು ಉಳಿದಿದೆ. ಏಕೆಂದರೆ ಬಹುಸಂಖ್ಯಾತ ಕ್ಯಾಥೊಲಿಕರನ್ನು ಆಳುತ್ತಿದ್ದ ಆ ಪ್ರಾಟೆಸ್ಟಂಟ್ ದೊರೆಗಳ ನಿಜವಾದ ಸುಖವಿದ್ದದ್ದು ಹಾಸಿಗೆಯಲ್ಲಲ್ಲ, ಕಾಯಿದೆ ಪುಸ್ತಕದಲ್ಲಿ.

ಕುದುರೆಯ ವಿಷಯವನ್ನೇ ನೋಡಿ. 1695ರ ಕಾಯಿದೆಯಂತೆ ಕ್ಯಾಥೊಲಿಕನೊಬ್ಬ 5 ಪೌಂಡಿಗೆ ಮೇಲ್ಪಟ್ಟ ಬೆಲೆಯ ಕುದುರೆಯನ್ನು ಸಾಕುವಂತಿರಲಿಲ್ಲ; ಸಾಕಿದ್ದು ತಿಳಿದರೆ ಯಾವ ಪ್ರಾಟೆಸ್ಟಂಟನಾದರೂ 5 ಪೌಂಡು ಚಿಲ್ಲರೆಯನ್ನು ಎಣಿಸಿಕೊಟ್ಟು ಲಗಾಮು ಹಿಡಿದು ಹೊರಡಬಹುದಿತ್ತು. ಎಂಥ ಸುಸಂಸ್ಕೃತ ವ್ಯಾಪಾರ! ನಮ್ಮ ದನದ ಜಾತ್ರೆಗಳಲ್ಲಿ ದಲ್ಲಾಳಿಗಳು ಟವೆಲಿನ ಕೆಳಗೆ ಬೆರಳು ಹಿಡಿದು ಅರ್ಧ ದಿನ ಚೌಕಾಸಿ ಮಾಡುತ್ತಾರೆ, ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ. ಅಲ್ಲಿ ಅದೆಲ್ಲ ಬೇಕಿರಲಿಲ್ಲ. ಕುದುರೆಯ ಹಲ್ಲಿನ ಬದಲು ಮಾಲೀಕನ ಮತವನ್ನು ನೋಡಿದರೆ ಬೆಲೆ ತಾನಾಗಿ ಗೊತ್ತಾಗುತ್ತಿತ್ತು.

ಈ ವ್ಯಾಪಾರಕ್ಕೆ ಒಪ್ಪದವನೊಬ್ಬನಿದ್ದ. ಆಸ್ಟ್ರಿಯಾದ ಸೇನೆಯಲ್ಲಿ ಅಧಿಕಾರಿಯಾಗಿದ್ದು ಕಾರ್ಕ್ ಸೀಮೆಗೆ ಮರಳಿದ್ದ ಆರ್ಟ್ ಓ’ಲಿಯರಿಯ ಕುದುರೆಯನ್ನು ಅಲ್ಲಿನ ಮ್ಯಾಜಿಸ್ಟ್ರೇಟ್ ಏಬ್ರಹಾಂ ಮಾರಿಸ್ 5 ಪೌಂಡಿಗೆ ಕೇಳಿದ, ಈತ ಕೊಡಲಿಲ್ಲ ಎಂದು ಜನ ಇಂದಿಗೂ ಹೇಳುತ್ತಾರೆ. 1773ರ ಮೇ ತಿಂಗಳಲ್ಲಿ ಕ್ಯಾರಿಗನಿಮಾ ಎಂಬಲ್ಲಿ ಓ’ಲಿಯರಿ ಸೈನಿಕರ ಗುಂಡಿಗೆ ಸತ್ತ. ಹೆಂಡತಿ ಐಲೀನ್ ಕಟ್ಟಿದಳೆನ್ನುವ ಶೋಕಗೀತೆಯಲ್ಲಿ ಸವಾರನಿಲ್ಲದ ಆ ಹೆಣ್ಣುಕುದುರೆ, ಲಗಾಮನ್ನು ನೆಲಕ್ಕೆ ಎಳೆದುಕೊಂಡು, ಜೀನಿನ ಮೇಲೆ ರಕ್ತ ಹೊತ್ತು ಮನೆಗೆ ಬರುತ್ತದೆ.

ಜಮೀನಿನ ವಿಷಯದಲ್ಲಿ ದೊರೆಗಳು ಇನ್ನೂ ಉದಾರಿಗಳು. 1704ರ ಕಾಯಿದೆಯಂತೆ ಕ್ಯಾಥೊಲಿಕನ ಭೂಮಿ ಗಂಡುಮಕ್ಕಳಿಗೆಲ್ಲ ಸಮಪಾಲು. ದಾಯಾದಿ ವ್ಯಾಜ್ಯದಲ್ಲಿ ಚಪ್ಪಲಿ ಸವೆಸಿದ ನಮ್ಮವರು ಇದಕ್ಕೆ ಕೈಮುಗಿದಾರು, ಆದರೆ ಮುಂದಿನ ಸಾಲನ್ನೂ ಓದಬೇಕು: ಹಿರಿಯ ಮಗ ಆಳುವವರ ಚರ್ಚಿಗೆ ಸೇರಿದರೆ ಅಷ್ಟೂ ಅವನಿಗೇ. ತಂದೆ ಬದುಕಿರುವಾಗಲೇ ಸೇರಿಬಿಟ್ಟರೆ ತಂದೆ ತನ್ನ ಹೊಲವನ್ನು ತಾನೇ ಮಾರುವಂತಿಲ್ಲ, ಸಾಯುವ ತನಕ ಉಂಡುಕೊಂಡಿರಬೇಕು ಅಷ್ಟೇ. ಒಂದು ಕಡೆ ಚೂರು ಚೂರು ಮಾಡುವ ನ್ಯಾಯ, ಇನ್ನೊಂದು ಕಡೆ ಅಪ್ಪ ಮಗನನ್ನು ಒಡೆಯುವ ನ್ಯಾಯ. ಕ್ಯಾಥೊಲಿಕರ ಜಮೀನಿನ ಮುಟ್ಟುಗೋಲುಗಳೆಲ್ಲ ಮುಗಿದ 1703ರ ವೇಳೆಗೇ ದೇಶದ ಬಹುಸಂಖ್ಯಾತರ ಕೈಯಲ್ಲಿ ಉಳಿದಿದ್ದ ಭೂಮಿ ಸುಮಾರು ಶೇ. 14 ಎಂದ ಮೇಲೆ, ಆ ಚೂರನ್ನೂ ಹೀಗೆ ಪಾಲು ಹಾಕಿ ಕರಗಿಸುವ ಶ್ರದ್ಧೆಯನ್ನು ಮೆಚ್ಚಲೇಬೇಕು. ಕ್ಯಾಥೊಲಿಕ್ ರೈತ ತಾನು ಕಾಲಿಡದ ಚರ್ಚಿನ ಪಾದ್ರಿಗೆ ಬೆಳೆಯ ದಶಾಂಶ ತೆರಬೇಕಾಗಿದ್ದದ್ದು ಬೇರೆ.

ಈ ವ್ಯವಸ್ಥೆಗೊಂದು ಹೆಸರು ಬೇಕಾಯಿತು. 1792ರಲ್ಲಿ ಡಬ್ಲಿನ್ ನಗರಸಭೆಯ ಗಣ್ಯರು ‘ಪ್ರಾಟೆಸ್ಟಂಟ್ ಅಸೆಂಡೆನ್ಸಿ’ ಎಂದು ಸಾರಿದರು. ಅಸೆಂಡೆನ್ಸಿ ಎಂದರೆ ಮೇಲುಗೈ; ಪದದ ಬೇರಿನಲ್ಲಿರುವುದು ಏರಿಕೆ. ಯಾರ ಬೆನ್ನನ್ನು ಏರಿದ್ದು ಎಂಬುದನ್ನು ಹೇಳುವ ಗೋಜಿಗೆ ಅವರು ಹೋಗಲಿಲ್ಲ.

ಮುಂದೆ ಆ ಕಾಯಿದೆಗಳು ಒಂದೊಂದಾಗಿ ಸತ್ತವು, ಬಂಗಲೆಗಳು ಸಾಯಲಿಲ್ಲ. 1847ರಲ್ಲಿ, ಆಲೂಗಡ್ಡೆ ಕೊಳೆತು ಜನ ದಾರಿಬದಿಯಲ್ಲಿ ಬಿದ್ದು ಸಾಯುತ್ತಿದ್ದಾಗ, ಕಾಲು ಎಕರೆಗಿಂತ ಹೆಚ್ಚು ನೆಲ ಹಿಡಿದವನಿಗೆ ಪರಿಹಾರವಿಲ್ಲ ಎಂಬ ಷರತ್ತನ್ನು ಬಡವರ ಪರಿಹಾರದ ಕಾಯಿದೆಗೆ ಸೇರಿಸಿದವನು ಗಾಲ್ವೇ ಸೀಮೆಯ ಭೂಮಾಲೀಕ ಮನೆತನದ ಸಂಸದ ವಿಲಿಯಂ ಗ್ರೆಗರಿ. ಗಂಜಿ ಬೇಕಿದ್ದರೆ ಹೊಲ ಬಿಡು. ಹೊಲ ಬಿಟ್ಟವನ ಗುಡಿಸಲನ್ನು ಭೂಮಾಲೀಕನ ಏಜೆಂಟನ ಆಳುಗಳು ಕೆಡವಿದರು. ಇದರಲ್ಲಿ ನಗುವಂಥದ್ದು ಏನೂ ಇಲ್ಲ, ನನಗೂ ಸಾಕಾಗಿದೆ. ಆ ಬರದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ಅವರಲ್ಲಿ ಒಬ್ಬರ ತೈಲಚಿತ್ರವೂ ಯಾವ ಬಂಗಲೆಯ ಗೋಡೆಯ ಮೇಲೂ ತೂಗಿದಂತಿಲ್ಲ.

ಜಾಹೀರಾತು ಇಂದು ಬೆಳಿಗ್ಗೆ ಮತ್ತೆ ಬಂತು. ಈ ಸಲ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು: ಕುದುರೆ ಸವಾರಿಯೂ ಉಂಟು, ಶುಲ್ಕ ಪ್ರತ್ಯೇಕ. 5 ಪೌಂಡಿಗಂತೂ ಸಿಗಲಾರದು.