ಹಕ್ಕುಪತ್ರವಿಲ್ಲದ ಹುಡುಗ

ಅಮ್ಮ ಫೇಸ್‌ಬುಕ್ ನೋಡಲ್ಲ ಅನ್ನೋ ಧೈರ್ಯದ ಮೇಲೆ ಬರೀತಿದೀನಿ. ಹುಡುಗ ಈಗ ಯಾವ ಊರಲ್ಲಿದಾನೆ ಅಂತ ಯಾರೂ ಕೇಳಬೇಡಿ.

ಅಕ್ಕನ ಮಗ ಅಮೆರಿಕಕ್ಕೆ ಹೋಗಿದ್ದು 2012ರಲ್ಲಿ, ಆರು ವರ್ಷದವನಿದ್ದಾಗ. ಅಪ್ಪನ ಕೆಲಸದ ವೀಸಾಕ್ಕೆ ಜೋತುಬಿದ್ದ ಎಚ್-4 ವೀಸಾ. ಆಮೇಲೆ ಭಾವನ ಕೆಲಸ ಹೋಯ್ತು, ಎಲ್ಲರ ಅವಧಿಯೂ ಮುಗೀತು, ಇವರು ಹೊರಡಲಿಲ್ಲ. ಹೊಸನಗರದ ನೆಂಟರ ಲೆಕ್ಕದಲ್ಲಿ ಮಾತ್ರ ಇವತ್ತಿಗೂ "ಅವ್ರು ಅಲ್ಲೇ ಸೆಟ್ಲ್". ಅಮ್ಮ ಪ್ರತಿ ವರ್ಷ ಅಪ್ಪೆಮಿಡಿ ಹಾಕುವಾಗ ಮೊಮ್ಮಗನಿಗೆ ಅಂತ ಒಂದು ಭರಣಿ ಬೇರೆ ಇಡ್ತಾಳೆ.

ಮಳೆಗಾಲದ ಒಂದು ರಾತ್ರಿ ಹುಡುಗನೇ ಫೋನ್ ಮಾಡಿದ. "ಮಾವ, ನಿಂಗೆ ಲಾಯರ್ ಯಾರಾದ್ರೂ ಗೊತ್ತಾ?" ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಿ ಸುಸ್ತಾಗಿ ಕೂತಿದ್ದ ನನ್ನನ್ನ ಕೇಳ್ತಿದಾನೆ ಅಂದ್ರೆ, ಅಲ್ಲಿ ಕೇಳೋಕೆ ಯಾರೂ ಇಲ್ಲ ಅಂತಾಯ್ತಲ್ಲ.

ಅಷ್ಟರಲ್ಲಿ ಅಲ್ಲಿ ನೋಟರಿ ಅಂತ ಬೋರ್ಡು ಹಾಕಿಕೊಂಡ ಒಬ್ಬನಿಗೆ ದುಡ್ಡು ಸುರಿದಾಗಿತ್ತು. ಹುಡುಗನನ್ನ ಅವನ ಹತ್ರ ಕಳಿಸಿದ್ದು ಭಾವನೇ. ನಮ್ಮಲ್ಲಿ ನೋಟರಿ ಅಂದ್ರೆ ಕರೀಕೋಟಿನ ವಕೀಲರೇ ತಾನೆ? ಅಲ್ಲಿ ಹಾಗಲ್ಲ. ನೋಟರಿ ಸಹಿಗೆ ಸಾಕ್ಷಿಯಾಗಿ ಸೀಲ್ ಹೊಡೆಯೋನು, ಅಷ್ಟೆ. ವಲಸೆ ವಿಚಾರದಲ್ಲಿ ಕಾನೂನು ಸಲಹೆ ಕೊಡಬಹುದಾದವರು ವಕೀಲರು, ಇಲ್ಲಾ ಅಲ್ಲಿನ ನ್ಯಾಯ ಇಲಾಖೆಯ ಮಾನ್ಯತೆ ಪಡೆದ ಪ್ರತಿನಿಧಿಗಳು. ವಕೀಲರ ಲೈಸೆನ್ಸು ಅಸಲಿಯೋ ಅಂತ ಆಯಾ ರಾಜ್ಯದ ಬಾರ್, ಅಂದ್ರೆ ವಕೀಲರ ಸಂಘದ ವೆಬ್‌ಸೈಟಲ್ಲಿ ಯಾರು ಬೇಕಾದ್ರೂ ನೋಡಬಹುದು. ಕೇಸು ವಲಸೆ ಕೋರ್ಟಿಗೆ ಹೋದ್ರೂ ಸರ್ಕಾರ ವಕೀಲರನ್ನ ಕೊಡಲ್ಲ. ಪುಕ್ಕಟೆ ನೆರವು ಕೊಡೋ ಸಂಸ್ಥೆಗಳ ಪಟ್ಟಿ ಆ ಕೋರ್ಟುಗಳ ವೆಬ್‌ಸೈಟಲ್ಲೇ ಇದೆ. ಕೊನೆಗೆ ಇವನಿಗೆ ದಾರಿ ಸಿಕ್ಕಿದ್ದೂ ಆ ಪಟ್ಟಿಯಿಂದಲೇ.

ಆ ಪಟ್ಟಿಯಿಂದ ಸಿಕ್ಕ ವಕೀಲೆ ಮೊದಲು ಕೇಳಿದ್ದು ಐ-94, ದೇಶದೊಳಗೆ ಬಂದ ದಾಖಲೆ. ಸೂಟ್‌ಕೇಸಿನ ತಳದಲ್ಲಿ ಹಳೇ ಪಾಸ್‌ಪೋರ್ಟ್ ಜೊತೆ ಸಿಕ್ತು. ಕದ್ದು ಬಂದವನಲ್ಲ, ಅಧಿಕಾರಿ ಎದುರು ನಿಂತು ಬಂದವನು ಅನ್ನೋದಕ್ಕೆ ಮುಂದೆ ಬೆಲೆ ಬಂದೀತಂತೆ. ಚಿಕ್ಕವರಿದ್ದಾಗ ಬಂದು ಕಾಗದಪತ್ರ ಇಲ್ಲದೆ ಉಳಿದವರನ್ನ ಸದ್ಯಕ್ಕೆ ಗಡೀಪಾರು ಮಾಡದೆ ಬಿಡೋ ಡಾಕಾ (DACA) ಯೋಜನೆ ಇವನಿಗೆ ಸಿಗಲ್ಲ, ಅದಕ್ಕೆ 2007ರ ಜೂನ್ 15ರಿಂದ ಅಲ್ಲೇ ಇದ್ದಿರಬೇಕು.

ಆಮೇಲೆ ಅವರು ಕ್ಯಾಲೆಂಡರ್ ತೆಗೆದರು. ಹದಿನೆಂಟು ತುಂಬೋ ತನಕ ಅಕ್ರಮ ವಾಸದ ದಿನಗಳು ಲೆಕ್ಕಕ್ಕಿಲ್ಲ. ತುಂಬಿದ ಮೇಲೆ 180 ದಿನ ದಾಟಿ ಹೊರಟರೆ 3 ವರ್ಷ ವಾಪಸ್ ಹೋಗೋ ಹಾಗಿಲ್ಲ, ಒಂದು ವರ್ಷ ದಾಟಿದ್ರೆ 10 ವರ್ಷ. ಇವನಿಗೆ ಹತ್ತೊಂಬತ್ತು ಕಳೆದಿದೆ. ಹದಿನೆಂಟೂವರೆಯೊಳಗೆ ಯಾರನ್ನಾದ್ರೂ ಕೇಳಿದ್ರೆ ಊರಿಗೆ ಬಂದು, ಸ್ಟೂಡೆಂಟ್ ವೀಸಾಕ್ಕೆ ಅರ್ಜಿ ಹಾಕಿ ನೋಡಬಹುದಿತ್ತು. ಸಿಗ್ತಿತ್ತೋ ಇಲ್ಲವೋ ಬೇರೆ ಮಾತು. ಅಕ್ಕ-ಭಾವ ಮರ್ಯಾದೆಗೆ ಅಂಜಿ ಬಾಯಿ ಬಿಡಲಿಲ್ಲ. ನನಗೆ ಸಿಟ್ಟಿರೋದು ಆ ಸುಮ್ಮನಿದ್ದದ್ದರ ಮೇಲೆ.

ನಮ್ಮಜ್ಜ ಶರಾವತಿ ಮುಳುಗಡೆಯವನು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಮುಗಿಸಿದರು, ಎಷ್ಟೋ ಮನೆಗಳಿಗೆ ಹಕ್ಕುಪತ್ರ ಇವತ್ತಿಗೂ ಬಂದಿಲ್ಲ. ಅಜ್ಜ ಮಾತ್ರ ಅದನ್ನ ಮುಚ್ಚಿಡಲಿಲ್ಲ. ಸತ್ಯನಾರಾಯಣ ಪೂಜೆಗೆ ಬಂದವರಿಗೂ, ಪ್ರಸಾದ ಕೈಗೆ ಬೀಳೋ ಮುಂಚೆ, ಟ್ರಂಕಿಂದ ಅರ್ಜಿ ತೆಗೆದು ತೋರಿಸ್ತಿದ್ದ.

ಮೊನ್ನೆ ಅಮ್ಮ ಭರಣಿಯ ಬಟ್ಟೆ ಬಿಗಿ ಮಾಡ್ತಾ, "ಈ ದೀಪಾವಳಿಗಾದ್ರೂ ಬರ್ತಾನೇನೋ?" ಅಂದಳು. "ರಜೆ ಸಿಗಬೇಕಲ್ಲ" ಅಂದೆ. ನಾನೂ ಅದೇ ಮನೆಯವನು.