ಡೋಮ್ ಆಸೆ ಬಿಡಿ, ಜಾರೋ ಛಾವಣಿ ಸಾಕು

ಹಿತ್ತಲಲ್ಲಿ ಸ್ವಂತದ್ದೊಂದು ಅಬ್ಸರ್ವೇಟರಿ, ಅಂದ್ರೆ ಟೆಲಿಸ್ಕೋಪ್ ಇಟ್ಟು ಆಕಾಶ ನೋಡೋ ಕೋಣೆ, ಅಂದ ತಕ್ಷಣ ಎಲ್ರ ತಲೇಲೂ ಬರೋದು ಬೆಳ್ಳಗೆ ಗುಂಡಗಿರೋ ಡೋಮ್. ಫೋಟೋಗೆ ಚಂದ, ಆದ್ರೆ ನನ್ನ ಕೇಳಿದ್ರೆ ಮೊದಲ ಸಲ ಕಟ್ಟೋರಿಗೆ ಅದು ಬೇಡವೇ ಬೇಡ. ಡೋಮ್‌ನಲ್ಲಿ ತೆರೆಯೋ ಉದ್ದನೆ ಸೀಳಿನಲ್ಲಿ ಆಕಾಶದ ಒಂದು ಪಟ್ಟಿ ಮಾತ್ರ ಕಾಣುತ್ತೆ, ಭೂಮಿ ಗಂಟೆಗೆ 15 ಡಿಗ್ರಿ ತಿರುಗ್ತಾನೇ ಇರುತ್ತಲ್ಲ, ಹಾಗಾಗಿ ಟೆಲಿಸ್ಕೋಪ್ ಜೊತೆ ಡೋಮೂ ತಿರುಗ್ಬೇಕು, ಅದಕ್ಕೊಂದು ಮೋಟಾರು, ಮೋಟಾರಿಗೊಂದು ಸಾಫ್ಟ್‌ವೇರು, ಕೊನೆಗೆ ನಕ್ಷತ್ರ ನೋಡೋದಕ್ಕಿಂತ ರಿಪೇರಿನೇ ಜಾಸ್ತಿ. ಅದೇ ಹಳಿ ಮೇಲೆ ಪಕ್ಕಕ್ಕೆ ಜಾರೋ ಛಾವಣಿಯ ಸಣ್ಣ ಶೆಡ್ ಆದ್ರೆ, ತಳ್ಳಿದ್ರೆ ಮುಗೀತು. ಗಾಳಿ, ಅಕ್ಕಪಕ್ಕದ ಲೈಟು ತಡೆಯೋದ್ರಲ್ಲಿ ಡೋಮೇ ಮೇಲು, ಒಪ್ಕೋತೀನಿ. ಅಷ್ಟು ಗಾಳಿ ಇರೋ ರಾತ್ರಿ ಮಲ್ಕೊಳ್ಳಿ ಅಂತೀನಿ ನಾನು.

ದುಡ್ಡು ಸುರೀಬೇಕಾದ್ದು ಕಣ್ಣಿಗೆ ಕಾಣದ ಜಾಗದಲ್ಲಿ. ಟೆಲಿಸ್ಕೋಪ್ ನಿಲ್ಲೋ ಕಾಂಕ್ರೀಟ್ ಕಂಬ, ಪಿಯರ್ ಅಂತಾರಲ್ಲ, ಅದಕ್ಕೆ ಅದರದ್ದೇ ಪಾಯ ಇರ್ಬೇಕು, ಶೆಡ್ಡಿನ ನೆಲಕ್ಕೆ ಎಲ್ಲೂ ತಾಗಬಾರದು, ಸುತ್ತ ಗ್ಯಾಪ್ ಬಿಟ್ಟಿರ್ಬೇಕು. ಇಲ್ಲಾಂದ್ರೆ 200 ಪಟ್ಟು ಮ್ಯಾಗ್ನಿಫಿಕೇಶನ್‌ನಲ್ಲಿ ನೀವು ಇಡೋ ಒಂದೊಂದು ಹೆಜ್ಜೆಗೂ ಶನಿ ಕುಣೀತಾನೆ. ಇನ್ನು ನೆಲಕ್ಕೆಲ್ಲ ದಪ್ಪಗೆ ಕಾಂಕ್ರೀಟ್ ಹಾಕೋ ಹುಚ್ಚು ಬೇರೆ! ಹಗಲೆಲ್ಲ ಹೀರಿದ ಬಿಸಿನ ಅದು ರಾತ್ರಿ ಬಿಡುತ್ತೆ, ಬಿಸಿಗಾಳಿ ಲೆನ್ಸಿನ ಮುಂದೇನೇ ಮೇಲೇಳುತ್ತೆ, ಗ್ರಹ ನೀರೊಳಗಿನ ನಾಣ್ಯದ ಥರ ಅಲುಗುತ್ತೆ. ಮರದ ಹಲಗೆ ನೆಲ ಸಾಕು, ಹೊರಗಡೆ ಬಿಳಿ ಪೇಂಟ್ ಬಳೀರಿ, ನೋಡೋಕೆ ಒಂದು ಗಂಟೆ ಮುಂಚೆ ಛಾವಣಿ ತೆಗೆದಿಡಿ.

ಇಷ್ಟೆಲ್ಲ ಯಾಕೆ, ಟೆರೇಸ್ ಮೇಲೆ ಟ್ರೈಪಾಡ್ ಇಟ್ರೆ ಆಗಲ್ವಾ ಅಂತೀರಿ. ಆಗುತ್ತೆ, ಆದ್ರೆ ಈಕ್ವಟೋರಿಯಲ್ ಮೌಂಟ್, ಅಂದ್ರೆ ಭೂಮಿ ತಿರುಗೋದಕ್ಕೆ ಸರಿಯಾಗಿ ಟೆಲಿಸ್ಕೋಪ್ ತಿರುಗಿಸೋ ಸ್ಟ್ಯಾಂಡ್, ಇದ್ರೆ ಅದರ ಅಕ್ಷನ ಪ್ರತಿ ರಾತ್ರಿ ಆಕಾಶದ ಧ್ರುವಕ್ಕೆ, ಅಂದ್ರೆ ನಕ್ಷತ್ರಗಳೆಲ್ಲ ಸುತ್ತೋ ಹಾಗೆ ಕಾಣೋ ಬಿಂದುವಿಗೆ, ಸರಿಯಾಗಿ ಹೊಂದಿಸ್ಬೇಕು, ಧ್ರುವ ನಕ್ಷತ್ರನೇ ಆ ಬಿಂದುವಿಂದ ಅರ್ಧ ಡಿಗ್ರಿಗಿಂತ ಜಾಸ್ತಿ ದೂರ ಇದೆ, ಅಂದಾಜಿಗೆ ಬಿಟ್ರೆ ಫೋಟೋದಲ್ಲಿ ನಕ್ಷತ್ರ ಗೆರೆ ಎಳೆಯುತ್ತೆ. ಹೊತ್ಕೊಂಡು ಹೋಗಿ ಜೋಡ್ಸಿ ಹೊಂದ್ಸೋಷ್ಟರಲ್ಲಿ ಮೋಡ ಬಂದಿರುತ್ತೆ. ಪಿಯರ್ ಮೇಲೆ ಒಂದು ಸಲ ಕೂರಿಸಿದ್ರೆ ಮೋಡದ ಮಧ್ಯೆ ಸಿಗೋ ಅರ್ಧ ಗಂಟೆನೂ ನಿಮ್ದೇ. ನನ್ನ ಪ್ರಕಾರ ಅಬ್ಸರ್ವೇಟರಿ ಕಟ್ಟೋಕೆ ಇದೊಂದೇ ಕಾರಣ ಸಾಕು, ಶೋಕಿಗೆ ಅಂತಾದ್ರೆ ಬೇಡ.

ಹವ್ಯಾಸಿಗಳಿಗೆ ಇಷ್ಟೆಲ್ಲ ಯಾಕೆ ಅನ್ನೋರಿಗೆ ಎರಡು ಹೆಸರು. 1781ರಲ್ಲಿ ವಿಲಿಯಂ ಹರ್ಷೆಲ್ ಯುರೇನಸ್ ಗ್ರಹ ಕಂಡಿದ್ದು ಇಂಗ್ಲೆಂಡಿನ ಬಾತ್ ಊರಿನ ಮನೆಯ ಹಿತ್ತಲಿಂದ, ತಾನೇ ಮಾಡಿದ ಟೆಲಿಸ್ಕೋಪಲ್ಲಿ, ಆಗ ಆತ ಹೊಟ್ಟೆಪಾಡಿಗೆ ಸಂಗೀತಗಾರ. 2019ರಲ್ಲಿ ಗೆನ್ನಡಿ ಬೋರಿಸೊವ್ ಬೇರೆ ಸೌರಮಂಡಲದಿಂದ ಬಂದ ಧೂಮಕೇತು ಹಿಡಿದಿದ್ದೂ ಸ್ವಂತ ಅಬ್ಸರ್ವೇಟರಿಯಲ್ಲಿ, ತಾವೇ ಮಾಡಿದ 65 ಸೆಂಟಿಮೀಟರ್ ಟೆಲಿಸ್ಕೋಪಲ್ಲೇ.

ಕಟ್ಟೋದೇ ಆದ್ರೆ ಇನ್ನೆರಡು ಮಾತು. ಛಾವಣಿ ಜಾರಿ ನಿಲ್ಲೋ ಕಡೆ ದಿಗಂತದ ಹತ್ತಿರದ ಆಕಾಶ ಮುಚ್ಚಿಹೋಗುತ್ತೆ, ನಿಮಗೆ ಬೇಡದ ದಿಕ್ಕಿಗೇ ಜಾರಲಿ. ಆಮೇಲೆ ಟೆಲಿಸ್ಕೋಪ್ ಮಲಗಿಸದೆ ಛಾವಣಿ ಮುಚ್ಚೋಕೆ ಆಗದ ಹಾಗೆ ಒಂದು ಸ್ವಿಚ್ ಹಾಕ್ಸಿ, ಬೆಳಗಿನ ಜಾವ ನಿದ್ದೆಗಣ್ಣಲ್ಲಿ ಯಾರ ಬುದ್ಧಿನೂ ನೆಟ್ಟಗಿರಲ್ಲ.